9900 ಎಂಎಎಚ್ ಸೆಲ್ ಇರಲು ಸಾಧ್ಯವೇ? ಆನ್‌ಲೈನ್ ಬ್ಯಾಟರಿಗಳ ಸುಳ್ಳು ಲೆಕ್ಕ

ಯಾವುದೇ ಆನ್‌ಲೈನ್ ಮಳಿಗೆಯಲ್ಲಿ ‘18650 ಬ್ಯಾಟರಿ’ ಎಂದು ಹುಡುಕಿ; ಟಾರ್ಚು, ಲ್ಯಾಪ್‌ಟಾಪ್‌ಗಳೊಳಗೆ ಇರುವ ಉರುಳೆಯಾಕಾರದ ರೀಚಾರ್ಜಬಲ್ ಸೆಲ್ ಇದು. 6800, 8800, 9900, ಕೆಲವೊಮ್ಮೆ 12000 ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ) ಎಂದು ಮೈಮೇಲೆ ಬರೆದುಕೊಂಡ ಸೆಲ್‌ಗಳು ಸಾಲುಗಟ್ಟಿ ಬರುತ್ತವೆ. ಅದೇ ಪುಟದಲ್ಲಿ ಸ್ಯಾಮ್‌ಸಂಗ್, ಎಲ್‌ಜಿ, ಪ್ಯಾನಾಸೋನಿಕ್ ಕಂಪನಿಗಳ ಅಷ್ಟೇ ಗಾತ್ರದ ಸೆಲ್‌ಗಳು 2500, 3000, ಹೆಚ್ಚೆಂದರೆ 3500 ಎಂದು ಹೇಳುತ್ತಿರುತ್ತವೆ, ಬೆಲೆಯೂ ಜಾಸ್ತಿ. ಬ್ಯಾಟರಿಯನ್ನೇ ಕಸುಬು ಮಾಡಿಕೊಂಡ ಕಾರ್ಖಾನೆಗಳಿಗೆ ಆಗದ ಕೆಲಸ ಹೆಸರೇ ಕೇಳಿರದ ಸೆಲ್‌ಗೆ ಹೇಗೆ ಆಯಿತು ಎಂದು ಕೊಳ್ಳುವವರು ಕೇಳಿಕೊಳ್ಳುವುದು ಕಡಿಮೆ. ದೊಡ್ಡ ಅಂಕಿ, ಸಣ್ಣ ಬೆಲೆ ಕಂಡರೆ ಆರ್ಡರ್ ಒತ್ತುವವರೇ ಹೆಚ್ಚು.

ಈ ಮೋಸ ಹಿಡಿಯಲು ಎಲೆಕ್ಟ್ರಾನಿಕ್ಸ್ ಓದಿರಬೇಕಾಗಿಲ್ಲ. ಬ್ಯಾಟರಿಯೊಳಗೆ ಎಷ್ಟು ವಿದ್ಯುತ್ ತುಂಬಬಹುದು ಎಂಬುದಕ್ಕೆ ಅದರ ಗಾತ್ರ ಮತ್ತು ತೂಕ ಒಂದು ಮಿತಿ ಹಾಕಿವೆ. ಆ ಮಿತಿ ಗೊತ್ತಿದ್ದರೆ ಮುಕ್ಕಾಲು ಪಾಲು ನಕಲಿಗಳನ್ನು ದುಡ್ಡು ಕೊಡುವ ಮೊದಲೇ ಬದಿಗಿಡಬಹುದು. ಕಷ್ಟ ಇರುವುದು ಉಳಿದ ಕಾಲು ಪಾಲಿನಲ್ಲಿ.

ಗಾತ್ರ ಹೇಳುವ ಮಿತಿ

18650 ಎಂಬುದು ಅಳತೆಯ ಹೆಸರು: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಳೆಯಾಕಾರ. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ನಡೆದ ಮೂರು ದಶಕಗಳ ಸಂಶೋಧನೆ ಈ ಗಾತ್ರದ ಸೆಲ್ಲನ್ನು 3500–3600 ಎಂಎಎಚ್‌ವರೆಗೆ ತಂದಿದೆ. ಈಚೆಗೆ 4000ದ ಆಸುಪಾಸು ಮುಟ್ಟಿದ ಕೆಲವೇ ಸೆಲ್‌ಗಳಿವೆ; ಅವು ದುಬಾರಿ, ಸುಲಭಕ್ಕೆ ಸಿಗುವುದೂ ಇಲ್ಲ. ಅದರಾಚೆಗಿನ ಯಾವ ಸಂಖ್ಯೆ ಕಂಡರೂ ಅದು ಸುಳ್ಳು, ‘ಇರಬಹುದೇನೋ’ ಎನ್ನುವ ಅನುಮಾನವೂ ಬೇಡ.

ಲೆಕ್ಕ ಹಾಕಿಯೇ ನೋಡೋಣ. 3500 ಎಂಎಎಚ್‌ನ ಅಸಲಿ ಸೆಲ್ 3.6 ವೋಲ್ಟ್‌ನಲ್ಲಿ 12.6 ವ್ಯಾಟ್-ಅವರ್ (ವೋಲ್ಟನ್ನು ಎಂಎಎಚ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ದು) ಶಕ್ತಿ ಹಿಡಿಯುತ್ತದೆ, ತೂಕ ಸುಮಾರು 48 ಗ್ರಾಂ. ಕೆಜಿಗೆ 260 ವ್ಯಾಟ್-ಅವರ್ ಆಯಿತು. 9900 ಎಂಎಎಚ್ ನಿಜವಾಗಿದ್ದರೆ 3.7 ವೋಲ್ಟ್‌ಗೆ 36.6 ವ್ಯಾಟ್-ಅವರ್, 45 ಗ್ರಾಂ ಸೆಲ್‌ನಲ್ಲಿ ಅದು ಕೆಜಿಗೆ 800ನ್ನು ದಾಟುತ್ತದೆ. ಅಂಥ ಸೆಲ್ ಕೈಯಲ್ಲಿದ್ದ ಕಂಪನಿ ಅದನ್ನು ಟಾರ್ಚಿಗೆ ಹಾಕಲೆಂದು ನೂರೈವತ್ತು ರೂಪಾಯಿಗೆ ಮಾರುತ್ತಾ ಕೂರುತ್ತಿರಲಿಲ್ಲ, ವಿದ್ಯುತ್ ಕಾರು ಮಾಡುವವರು ಅದರ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು.

ಬೇರೆ ಗಾತ್ರಗಳ ಮಿತಿಯನ್ನೂ ಗುರುತು ಹಾಕಿಕೊಳ್ಳಿ. 21700 ಸೆಲ್‌ನಲ್ಲಿ ಸಾಮಾನ್ಯವಾಗಿ 4000ದಿಂದ 5000, ಹೊಸವುಗಳಲ್ಲಿ 6000ದ ಹತ್ತಿರ. ದಪ್ಪನೆಯ 26650ರಲ್ಲಿ 5000–5500. ಪೆನ್ಸಿಲ್ ಸೆಲ್ಲಿನಷ್ಟೇ ಇರುವ 14500 ಲಿಥಿಯಂ ಸೆಲ್‌ನಲ್ಲಿ 1000ದ ಆಸುಪಾಸು. ರಿಮೋಟಿಗೆ, ಗಡಿಯಾರಕ್ಕೆ, ಕ್ಯಾಮೆರಾ ಫ್ಲ್ಯಾಶಿಗೆ ಹಾಕುವ ಎಎ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು 1900ರಿಂದ 2500, ಎಳೆದಾಡಿದರೆ 2700. ಸಣ್ಣ ಎಎಎ 750ರಿಂದ 1100ರೊಳಗೆ. ಎಎ ಸೆಲ್ ಮೇಲೆ 3800 ಅಥವಾ 4600 ಎಂದಿದ್ದರೆ, ಎಎಎ ಮೇಲೆ 1800 ಎಂದಿದ್ದರೆ ಮುಂದಿನ ವಿವರ ಓದುವ ಅಗತ್ಯವೇ ಇಲ್ಲ.

ಎಎ ಸೆಲ್‌ಗಳಲ್ಲಿ ಇನ್ನೊಂದು ಮಾತಿದೆ. ಇಲ್ಲಿ ಅಂಕಿ ದೊಡ್ಡದಾದಷ್ಟೂ ಆಯಸ್ಸು ಕಡಿಮೆ. ಪ್ಯಾನಾಸೋನಿಕ್‌ನ ಎನಲೂಪ್ ಸಾಲಿನಲ್ಲಿ ಮಾಮೂಲಿ ಎಎ ಸೆಲ್‌ಗೆ 2100 ಬಾರಿ ಚಾರ್ಜ್ ಮಾಡಬಹುದೆಂದು ಕಂಪನಿ ಹೇಳಿದರೆ, 2500ರ ಪ್ರೊ ಮಾದರಿಗೆ ಹೇಳುವುದು 500 ಬಾರಿ. ಗೋಡೆ ಗಡಿಯಾರಕ್ಕೆ, ಮಕ್ಕಳ ಆಟಿಕೆಗೆ 2000ದ ಸೆಲ್ಲೇ ಜಾಣತನದ ಆಯ್ಕೆ. ಅಸಲಿ ಕಂಪನಿ ಸಣ್ಣ ಅಂಕಿಯನ್ನು ಧೈರ್ಯವಾಗಿ ಬರೆಯುತ್ತದೆ ಎಂಬುದೇ ಒಂದು ಸುಳಿವು.

ಸೆಲ್ಲಿನ ಹೊಟ್ಟೆಯಲ್ಲಿ ಏನಿರುತ್ತದೆ

ನಕಲಿ ಎಂದರೆ ಎಲ್ಲವೂ ಒಂದೇ ಬಗೆಯಲ್ಲ. ತೀರಾ ಕೆಳಮಟ್ಟದವುಗಳಲ್ಲಿ 18650ರ ಡಬ್ಬಿಯೊಳಗೆ ಅದಕ್ಕಿಂತ ಸಣ್ಣದೊಂದು ಸೆಲ್ ಇಟ್ಟು, ಸುತ್ತಲಿನ ಜಾಗಕ್ಕೆ ಬಿಳಿ ಪುಡಿಯನ್ನೋ ಮರಳನ್ನೋ ತುಂಬಿರುತ್ತಾರೆ. 9900 ಎಂದು ಬರೆದದ್ದು ಅಳೆದಾಗ 500–1000 ಎಂಎಎಚ್ ಕೊಡುವುದು ಇಂಥವುಗಳಲ್ಲೇ.

ಎರಡನೆಯ ಬಗೆ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್‌ಗಳು. ಒಂದು ಕಾಲಕ್ಕೆ ಒಳ್ಳೆಯ ಕಂಪನಿಯದೇ ಆಗಿದ್ದು, ಸವೆದು 2200ರಿಂದ 1400ಕ್ಕೆ ಇಳಿದಿರುತ್ತವೆ. ಹಳೆಯ ಪ್ಲಾಸ್ಟಿಕ್ ಹೊದಿಕೆ ಕಿತ್ತು, ಹೊಸ ಬಣ್ಣದ ಹೊದಿಕೆ ಹಾಕಿ, ಬಿಸಿ ಗಾಳಿ ಹಿಡಿದರೆ ಅದು ಸೆಲ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೇಕಾದ ಹೆಸರು, ಬೇಕಾದ ಅಂಕಿ ಮುದ್ರಿಸಿದ ಹೊದಿಕೆಗಳು ಸಗಟಾಗಿ ಸಿಗುತ್ತವೆ. ಇವುಗಳ ತೂಕ ಸರಿಯಾಗಿಯೇ ಇರುವುದರಿಂದ ತಕ್ಕಡಿ ಇವನ್ನು ಹಿಡಿಯುವುದಿಲ್ಲ. ತುದಿಗಳನ್ನು ನೋಡಬೇಕು: ಹಿಂದೆ ನಿಕಲ್ ಪಟ್ಟಿ ಬೆಸೆದಿದ್ದ ಕಡೆ ಸಣ್ಣ ಚುಕ್ಕೆಗಳು, ಉಜ್ಜಿದ ಗೀರುಗಳು, ಕೆಲವೊಮ್ಮೆ ತುಕ್ಕು ಉಳಿದಿರುತ್ತವೆ.

ಮೂರನೆಯದು ಹೆಸರಿನ ನಕಲು. ಕಡಿಮೆ ದರ್ಜೆಯ ಸೆಲ್‌ಗೆ ಸ್ಯಾಮ್‌ಸಂಗ್ 30ಕ್ಯೂ ಮಾದರಿಯ ಗುಲಾಬಿ ಹೊದಿಕೆ, ಇಲ್ಲವೇ ಸೋನಿ ವಿಟಿಸಿ6 ಮಾದರಿಯ ಹಸಿರು ಹೊದಿಕೆ. ಇಲ್ಲಿ ಅಂಕಿ 3000 ಎಂದೇ ಇರುತ್ತದೆ, ಯಾರಿಗೂ ಅನುಮಾನ ಬರದಷ್ಟು ಸಭ್ಯವಾಗಿ. ನಿಜಕ್ಕೂ ಹೆಚ್ಚು ಜನರನ್ನು ಕೆಡವುವುದು ಈ ಎರಡನೆಯ, ಮೂರನೆಯ ಬಗೆಗಳೇ. 9900 ಎನ್ನುವ ಸುಳ್ಳು ಒಮ್ಮೆ ಗೊತ್ತಾದವರಿಗೆ ಮತ್ತೆ ತಾಗುವುದಿಲ್ಲ. 1500ರ ಸೆಲ್ ಮೇಲಿನ 2600 ಎಂಬ ಸುಳ್ಳು ತಿಳಿದವರನ್ನೂ ದಾಟಿ ಹೋಗುತ್ತದೆ. ಸಾಲದ್ದಕ್ಕೆ ದೊಡ್ಡ ಸುಳ್ಳುಗಳ ನಡುವೆ ಪ್ರಾಮಾಣಿಕವಾಗಿ 2600 ಎಂದು ಬರೆದ ಮಾರಾಟಗಾರನ ಸೆಲ್ ಬಡಕಲಾಗಿ ಕಾಣುತ್ತದೆ. ಹೀಗಾಗಿ ಮೋಸ ಮಾಡುವ ಉದ್ದೇಶ ಇಲ್ಲದವರೂ ಅಂಕಿ ಏರಿಸಿ ಬರೆಯತೊಡಗುತ್ತಾರೆ.

ಪುಟದಲ್ಲೇ ಓದಬೇಕಾದ ಸುಳಿವು

ಕೆಪ್ಯಾಸಿಟಿ (ಎಂಎಎಚ್ ಅಂಕಿ) ಮತ್ತು ಸೆಲ್ ಒಮ್ಮೆಲೇ ಕೊಡಬಲ್ಲ ಕರೆಂಟ್ (ಆಂಪಿಯರ್) ಎರಡೂ ಒಟ್ಟಿಗೆ ಏರುವುದಿಲ್ಲ. ಹೆಚ್ಚು ಕರೆಂಟ್ ಕೊಡುವ ಸೆಲ್‌ಗೆ ಒಳಗೆ ದಪ್ಪ ಲೋಹದ ಹಾಳೆ, ತೆಳು ಲೇಪ ಬೇಕು. ಹೆಚ್ಚು ಎಂಎಎಚ್‌ಗೆ ಅದರ ತಿರುವುಮುರುವು. ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್, 20 ಆಂಪಿಯರ್. ಅದೇ ಕಂಪನಿಯ 30ಕ್ಯೂ 3000, 15 ಆಂಪಿಯರ್. 35ಇ 3500, ಆದರೆ 8 ಆಂಪಿಯರ್. ಆದ್ದರಿಂದ ‘3500 ಎಂಎಎಚ್, 30 ಆಂಪಿಯರ್’ ಎಂಬ ಜೋಡಿ ಕಂಡರೆ ಎರಡರಲ್ಲಿ ಒಂದಾದರೂ ಸುಳ್ಳು. ‘ಪ್ರೊಟೆಕ್ಷನ್ ಇದೆ’ ಎಂದು ಬರೆದು ಉದ್ದ 65 ಮಿಲಿಮೀಟರ್ ಎಂದೇ ಕೊಟ್ಟಿದ್ದರೆ ಅದನ್ನೂ ನಂಬಬೇಡಿ. ರಕ್ಷಣಾ ಸರ್ಕಿಟ್ ಸೆಲ್ಲಿನ ತುದಿಯಲ್ಲಿ ಕೂರುವುದರಿಂದ ಉದ್ದ 67ರಿಂದ 70 ಮಿಲಿಮೀಟರ್‌ಗೆ ಏರಲೇಬೇಕು.

ಒಳ್ಳೆಯ ಕಂಪನಿಯ ಸೆಲ್‌ಗೆ ಪೂರ್ತಿ ಮಾದರಿ ಸಂಖ್ಯೆ ಇರುತ್ತದೆ, ಅದರ ಡೇಟಾಶೀಟ್ (ಕಂಪನಿ ಕೊಡುವ ತಾಂತ್ರಿಕ ವಿವರದ ಹಾಳೆ) ಹುಡುಕಿದರೆ ಸಿಗುತ್ತದೆ. ‘ಹೈ ಕೆಪ್ಯಾಸಿಟಿ ಲಿಥಿಯಂ ಬ್ಯಾಟರಿ, ಟಾರ್ಚ್, ಫ್ಯಾನ್, ಸ್ಪೀಕರ್, ಡ್ರೋನ್ ಎಲ್ಲಕ್ಕೂ’ ಎಂದು ಉದ್ದ ಬರೆದು ಮಾದರಿ ಸಂಖ್ಯೆ ಕೊಡದ ಪುಟದಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಹೆಸರಿನ ಕೊನೆಗೆ ‘ಫೈರ್’ ಅಂಟಿಸಿಕೊಂಡ ಅರ್ಧ ಡಜನ್ ಗುರುತುಗಳು ಒಂದನ್ನೊಂದು ನಕಲು ಮಾಡುತ್ತಿರುವುದರಿಂದ ಅಲ್ಲಿ ಅಸಲಿ ಯಾವುದು ಎಂಬ ಪ್ರಶ್ನೆಗೇ ಅರ್ಥ ಹೋಗಿದೆ.

ನಾಲ್ಕೂವರೆ ನಕ್ಷತ್ರದ ವಿಮರ್ಶೆಗಳನ್ನು ನೆಚ್ಚಬೇಡಿ. ಸೆಲ್ ತಲುಪಿದ ದಿನ ಟಾರ್ಚ್ ಉರಿದರೆ ಜನ ಐದು ನಕ್ಷತ್ರ ಒತ್ತಿಬಿಡುತ್ತಾರೆ. ಕೆಪ್ಯಾಸಿಟಿ ಸುಳ್ಳು ಎಂಬುದು ಅಳೆದ ಹೊರತು ಕಣ್ಣಿಗೆ ಬೀಳುವ ದೋಷವಲ್ಲ. ವಿಮರ್ಶೆಗಳಲ್ಲಿ ‘ಗ್ರಾಂ’, ‘ತೂಕ’, ‘ಟೆಸ್ಟ್’ ಎಂಬ ಪದಗಳನ್ನು ಇಂಗ್ಲಿಷಿನಲ್ಲೂ ಹುಡುಕಿ. ಅಳೆದವರ ಒಂದು ಮಾತು ಹೊಗಳಿದವರ ನೂರಕ್ಕೆ ಸಮ.

ಈಚೆಗೆ ಜೋರಾಗಿರುವ ಇನ್ನೊಂದು ಕೈಚಳಕ ಯುಎಸ್‌ಬಿ ತೂತಿರುವ 1.5 ವೋಲ್ಟ್ ಪೆನ್ಸಿಲ್ ಸೆಲ್‌ಗಳದು. ಒಳಗೆ ಸಣ್ಣ ಲಿಥಿಯಂ ಸೆಲ್ ಮತ್ತು ವೋಲ್ಟೇಜ್ ಇಳಿಸುವ ಸರ್ಕಿಟ್ ಇರುತ್ತವೆ. ವಸ್ತು ಕೆಟ್ಟದ್ದೇನಲ್ಲ. ಆದರೆ ಹೊದಿಕೆಯ ಮೇಲೆ ‘3000’ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಸಣ್ಣದಾಗಿ ಮಿಲಿವ್ಯಾಟ್-ಅವರ್ ಎಂದಿರುತ್ತದೆ. ಓದುವವರು ಅದನ್ನು ಎಂಎಎಚ್ ಎಂದೇ ತಿಳಿಯುತ್ತಾರೆ. 3000 ಮಿಲಿವ್ಯಾಟ್-ಅವರ್ ಅನ್ನು 1.5ರಿಂದ ಭಾಗಿಸಿದರೆ 2000 ಎಂಎಎಚ್. ಹೋಲಿಕೆಗೆ 2000 ಎಂಎಎಚ್‌ನ ಮಾಮೂಲಿ ನಿಕಲ್ ಸೆಲ್ 1.2 ವೋಲ್ಟ್‌ನಲ್ಲಿ 2400 ಮಿಲಿವ್ಯಾಟ್-ಅವರ್ ಹಿಡಿಯುತ್ತದೆ. ವ್ಯತ್ಯಾಸ ಇದೆ, ಆದರೆ ಬೆಲೆಯಲ್ಲಿ ಕಾಣುವಷ್ಟಿಲ್ಲ.

ಪವರ್ ಬ್ಯಾಂಕ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಇದೆ. 10000 ಎಂಎಎಚ್ ಎಂದು ಕೊಂಡದ್ದು 6300 ಮಾತ್ರ ಕೊಡುತ್ತದೆ ಎಂದು ದೂರುವವರಿದ್ದಾರೆ. ಅದು ಮೋಸವಲ್ಲ. 10000 ಎಂಬುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಅದು 5 ವೋಲ್ಟ್‌ಗೆ ಏರುವಾಗ 7400 ಆಗುತ್ತದೆ, ಪರಿವರ್ತನೆಯ ನಷ್ಟ ಕಳೆದರೆ 6000ದಿಂದ 6600. ಸರಿಯಾದ ಕಂಪನಿಗಳು ಈ ಎರಡನೆಯ ಅಂಕಿಯನ್ನೂ ‘ರೇಟೆಡ್ ಕೆಪ್ಯಾಸಿಟಿ’ ಎಂದು ಮುದ್ರಿಸುತ್ತವೆ. ಅದು ಕಾಣೆಯಾಗಿದ್ದರೆ ಸಂಶಯ ಪಡಿ. ‘50000 ಎಂಎಎಚ್’ ಎಂದು ಅಂಗೈಯಷ್ಟಿರುವ ಪವರ್ ಬ್ಯಾಂಕ್ ಮಾರುವವರ ಲೆಕ್ಕ ಹೀಗೆ ನೋಡಿ: ಅತ್ಯುತ್ತಮ 3500ರ ಸೆಲ್‌ಗಳೇ ಹದಿನೈದಾದರೂ ಬೇಕು, ಬರೀ ಸೆಲ್‌ಗಳ ತೂಕವೇ 720 ಗ್ರಾಂ. ಜೊತೆಗೆ ಅದು 185 ವ್ಯಾಟ್-ಅವರ್ ಆಗುತ್ತದೆ. ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯ ಮಿತಿ 100, ವಿಮಾನ ಸಂಸ್ಥೆಯ ಅನುಮತಿ ಪಡೆದರೆ 160. ಅದೇ ಪುಟದಲ್ಲಿ ‘ವಿಮಾನಕ್ಕೂ ಒಯ್ಯಬಹುದು’ ಎಂದಿದ್ದರೆ ಮಾರಾಟಗಾರನೇ ತನ್ನ ಸುಳ್ಳನ್ನು ಬಯಲು ಮಾಡಿಕೊಂಡಂತೆ.

ಔಷಧಿ ಹೊಡೆಯುವ ಬೆನ್ನಿನ ಪಂಪುಗಳಿಗೆ ಲೆಡ್-ಆಸಿಡ್ ಬ್ಯಾಟರಿಯ ಬದಲು ಲಿಥಿಯಂ ಪ್ಯಾಕ್ ಹಾಕುವುದು ನಮ್ಮ ಊರುಗಳಲ್ಲೂ ರೂಢಿಯಾಗುತ್ತಿದೆ. ಹಗುರ ಎಂಬುದು ದೊಡ್ಡ ಅನುಕೂಲ, ಹಾಗೆಯೇ ಮೋಸಕ್ಕೂ ಅನುಕೂಲ. ‘12 ವೋಲ್ಟ್, 12 ಎಎಚ್’ (ಒಂದು ಎಎಚ್ ಎಂದರೆ 1000 ಎಂಎಎಚ್) ಪ್ಯಾಕನ್ನು 2000 ಎಂಎಎಚ್ ಸೆಲ್‌ಗಳಲ್ಲಿ ಕಟ್ಟಬೇಕಾದರೆ ಮೂರು ಸೆಲ್‌ಗಳ ಸರಣಿಯ ಆರು ಸಾಲು, ಒಟ್ಟು 18 ಸೆಲ್. ಸುಮಾರು 800 ಗ್ರಾಂ. 2600ರ ಸೆಲ್ ಹಾಕಿದರೂ 15 ಬೇಕು, 680 ಗ್ರಾಂ ಮೇಲೆ. ಕೊರಿಯರ್‌ನಲ್ಲಿ ಬಂದ ಪ್ಯಾಕ್ 400 ಗ್ರಾಂ ತೂಗಿದರೆ ಒಳಗಿರುವುದು ಒಂಬತ್ತೇ ಸೆಲ್. ಅದು 8 ಎಎಚ್ ಕೂಡ ದಾಟದು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿದ್ದೇವೆ ಎಂದರೆ ತೂಕ ಇನ್ನೂ ಹೆಚ್ಚಿರಬೇಕು: 32700 ಗಾತ್ರದ 6 ಎಎಚ್ ಸೆಲ್ ಒಂದೊಂದೂ 140 ಗ್ರಾಂ ಹತ್ತಿರ, 12 ಎಎಚ್‌ಗೆ ಎಂಟು ಬೇಕು.

ಪಾರ್ಸೆಲ್ ಬಂದ ಮೇಲೆ

ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಎಲ್ಲೂ ತುಂಡರಿಸದೆ ಚಿತ್ರಿಸಿ, ಅದೇ ವಿಡಿಯೊದಲ್ಲಿ ಸೆಲ್ಲನ್ನು ತಕ್ಕಡಿಗೆ ಇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಸಲಿ 18650 ತೂಗುವುದು 44ರಿಂದ 50 ಗ್ರಾಂ. 40ಕ್ಕಿಂತ ಕಡಿಮೆ ಬಂದರೆ ಒಳಗೆ ಪೂರ್ತಿ ಸೆಲ್ ಇಲ್ಲವೆಂದೇ ತಿಳಿಯಿರಿ, 30ರ ಆಸುಪಾಸಾದರೆ ಪರೀಕ್ಷೆಯೂ ಬೇಡ. 21700 ಸುಮಾರು 68–70 ಗ್ರಾಂ, ಎಎ ನಿಕಲ್ ಸೆಲ್ 26ರಿಂದ 31, ಎಎಎ 12–13. ಹಳೆಯ ರೇಡಿಯೋ, ದೊಡ್ಡ ಟಾರ್ಚುಗಳಿಗೆ ಹಾಕುವ ಡಿ ಗಾತ್ರದ ರೀಚಾರ್ಜಬಲ್ ಸೆಲ್ 10000 ಎಂದಿದ್ದರೆ 160 ಗ್ರಾಂ ತೂಗಬೇಕು. ಆ ಗಾತ್ರದಲ್ಲಿ ದೊಡ್ಡ ಡಬ್ಬಿಯೊಳಗೆ ಸಣ್ಣ ಸೆಲ್ ಕೂರಿಸುವುದು ಎಷ್ಟೋ ವರ್ಷಗಳ ಹಳೆಯ ಚಾಳಿ.

ತೂಕ ಸರಿಯಿದ್ದರೆ ಕೆಪ್ಯಾಸಿಟಿ ಅಳೆಯಬೇಕು. ಡಿಸ್ಚಾರ್ಜ್ ಟೆಸ್ಟ್ ಇರುವ ಚಾರ್ಜರ್ ಕೊಂಡರೆ ಕೆಲಸ ಸುಲಭ. ಅದು ಸೆಲ್ಲನ್ನು ತುಂಬಿ, ಪೂರ್ತಿ ಬರಿದು ಮಾಡಿ ಅಳೆದು, ಮತ್ತೆ ತುಂಬುತ್ತದೆ. 3000 ಎಂಎಎಚ್ ಸೆಲ್‌ಗೆ 500 ಮಿಲಿಆಂಪಿಯರ್ ಇಟ್ಟರೆ ಒಂದೊಂದು ಹಂತಕ್ಕೂ ಆರೇಳು ಗಂಟೆ, ಒಟ್ಟು ಹೆಚ್ಚುಕಡಿಮೆ ಒಂದು ಹಗಲು-ರಾತ್ರಿ. ವಾಪಸಾತಿಯ ಗಡುವು ಏಳು ದಿನವಿದ್ದರೆ ಅಳೆಯುವ ಕೆಲಸವನ್ನು ಭಾನುವಾರಕ್ಕೆಂದು ಮುಂದೂಡಬೇಡಿ.

ಖರ್ಚು ಕಡಿಮೆಯಾಗಬೇಕೆಂದರೆ ಝಡ್‌ಬಿ2ಎಲ್3 ಎಂಬ ಪುಟ್ಟ ಟೆಸ್ಟರ್ ಬೋರ್ಡ್ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಇಂಥ ಬೋರ್ಡುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಜೊತೆಗೆ ಬರುವ 7.5 ಓಮ್ ರೆಸಿಸ್ಟರ್ ತುಂಬಿದ ಲಿಥಿಯಂ ಸೆಲ್‌ನಿಂದ ಅರ್ಧ ಆಂಪಿಯರ್‌ನಷ್ಟು ಎಳೆಯುತ್ತದೆ. ರೆಸಿಸ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ, ಆದ್ದರಿಂದ ಅದನ್ನು ಮೇಜಿನ ಬಟ್ಟೆ, ಪ್ಲಾಸ್ಟಿಕ್ ಮೇಲೆ ಇಡದೆ ಹೆಂಚಿನ ತುಂಡಿನ ಮೇಲಿಡಿ. ಸೆಲ್ಲನ್ನು 4.2 ವೋಲ್ಟ್‌ಗೆ ಪೂರ್ತಿ ತುಂಬಿ, ಅರ್ಧ ಗಂಟೆ ಬಿಟ್ಟು, ಬೋರ್ಡ್‌ನಲ್ಲಿ 3.0 ವೋಲ್ಟ್‌ಗೆ ನಿಲ್ಲುವಂತೆ ಹೊಂದಿಸಿ. ಲಿಥಿಯಂ ಸೆಲ್‌ಗೆ 2.5ಕ್ಕಿಂತ ಕೆಳಗೆ ಇಳಿಸಲೇಬಾರದು. ಡೇಟಾಶೀಟಿನ ಅಂಕಿ 2.5ರವರೆಗೆ ಅಳೆದದ್ದಾದ್ದರಿಂದ ನಿಮಗೆ ತುಸು ಕಡಿಮೆ ಬರುತ್ತದೆ. ಶೇ 90ರ ಮೇಲೆ ಬಂದರೆ ಜಗಳ ಬೇಡ.

ನಿಕಲ್ ಸೆಲ್‌ಗೆ ಅಳತೆ ನಿಲ್ಲಿಸುವುದು 1.0 ವೋಲ್ಟ್‌ಗೆ. ಇವು ಗೋದಾಮಿನಲ್ಲಿ ಕೂತು ಮಂಕಾಗಿರುತ್ತವೆ, ಎರಡು-ಮೂರು ಬಾರಿ ತುಂಬಿ ಬರಿದು ಮಾಡಿದ ಮೇಲಿನ ಅಂಕಿಯನ್ನೇ ಹಿಡಿಯಿರಿ. ಚಾರ್ಜ್ ಆಗುವಾಗ ಪರದೆ ತೋರಿಸುವ ಎಂಎಎಚ್ ಲೆಕ್ಕಕ್ಕಿಲ್ಲ. ನಿಕಲ್ ಸೆಲ್ ಕೊಡುವುದಕ್ಕಿಂತ ಸಾಕಷ್ಟು ಹೆಚ್ಚನ್ನೇ ಕುಡಿಯುತ್ತದೆ.

ಯಾವ ಉಪಕರಣವೂ ಇಲ್ಲದಿದ್ದರೆ ಗಡಿಯಾರವೇ ಒಂದು ಸಾಧನ. ಗೊತ್ತಿರುವ 500 ಮಿಲಿಆಂಪಿಯರ್ ಚಾರ್ಜರ್‌ನಲ್ಲಿ ಬರಿದಾದ 9900ರ ಸೆಲ್ ತುಂಬಲು 20 ಗಂಟೆ ಬೇಕು. ಎರಡೇ ಗಂಟೆಯಲ್ಲಿ ಹಸಿರು ದೀಪ ಹೊತ್ತಿದರೆ ಒಳಗೆ ಹೋದದ್ದು 1000 ಮಾತ್ರ. ಆದರೆ ಸೆಲ್ಲನ್ನು ಕತ್ತರಿಸಿ ಒಳಗೆ ನೋಡುವ ಸಾಹಸ ಬೇಡ. ಬ್ಲೇಡ್ ತಾಗಿ ಒಳಗಿನ ಪದರಗಳು ಒಂದಕ್ಕೊಂದು ಮುಟ್ಟಿದರೆ ಬೆಂಕಿ ಹತ್ತುತ್ತದೆ.

ದುಡ್ಡು ಹೋದದ್ದಷ್ಟೇ ಅಲ್ಲ

ಅಸಲಿ 18650ರಲ್ಲಿ ಒತ್ತಡ ಏರಿದರೆ ಕರೆಂಟ್ ಕಡಿದುಹಾಕುವ ಬಿಲ್ಲೆ, ಬಿಸಿಯಾದರೆ ಕರೆಂಟ್ ತಡೆಯುವ ಪಿಟಿಸಿ ಎಂಬ ಬಿಲ್ಲೆ, ಅನಿಲ ಹೊರಬಿಡುವ ಕಿಂಡಿ ಇವೆಲ್ಲ ತಲೆಯ ಭಾಗದಲ್ಲಿರುತ್ತವೆ. ನಕಲಿಯಲ್ಲಿ ಅವು ಇವೆಯೆಂಬ ಭರವಸೆ ಇಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಬಳಸುವ ಟಿಪಿ4056 ಚಾರ್ಜಿಂಗ್ ಬೋರ್ಡ್ ಸಾಮಾನ್ಯವಾಗಿ 1 ಆಂಪಿಯರ್‌ಗೆ ಹೊಂದಿಸಿ ಬರುತ್ತದೆ. 3000ದ ಸೆಲ್‌ಗೆ ಅದು ಮೆಲುವಾದ ಚಾರ್ಜ್. ಒಳಗೆ 600 ಎಂಎಎಚ್ ಇದ್ದರೆ ತಡೆಯಬಲ್ಲದ್ದನ್ನು ಮೀರಿದ ಚಾರ್ಜ್. ಬೋರ್ಡ್ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2 ಕಿಲೋಓಮ್ ಹಾಕಿದರೆ ಕರೆಂಟ್ 580 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಗುರುತಿಲ್ಲದ ಸೆಲ್ ಬಳಸಲೇಬೇಕಾದರೆ ಅಷ್ಟಾದರೂ ಮಾಡಿ. ಸರಣಿಯಲ್ಲಿ ಜೋಡಿಸುವುದು ಮಾತ್ರ ಬೇಡವೇ ಬೇಡ. ಸರಣಿಯಲ್ಲಿ ದುರ್ಬಲ ಸೆಲ್ ಮೊದಲು ಬರಿದಾಗುತ್ತದೆ, ಉಳಿದವು ಅದನ್ನು ಉಲ್ಟಾ ದಿಕ್ಕಿಗೆ ತಳ್ಳುತ್ತಲೇ ಇರುತ್ತವೆ.

ಬಿಡಿ 18650 ಸೆಲ್‌ಗಳನ್ನು ಸಾರ್ವಜನಿಕರು ಕೊಂಡು ಬಳಸಬಾರದೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರ ಜನವರಿಯಲ್ಲಿ ಎಚ್ಚರಿಸಿತ್ತು. ಕಾರ್ಖಾನೆಗಳು ಈ ಸೆಲ್ಲನ್ನು ಮಾಡುವುದು ರಕ್ಷಣಾ ಸರ್ಕಿಟ್ ಇರುವ ಪ್ಯಾಕಿನೊಳಗೆ ಕೂರಿಸಲೆಂದು. ಬಿಡಿಯಾಗಿ ಮಾರುವ ಪೇಟೆಯಲ್ಲಿ ಅಸಲಿ ಸಿಗುವುದೇ ಕಷ್ಟ ಎಂಬುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಐಎಸ್ 16046 ಮಾನದಂಡದಡಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಹೊದಿಕೆ ಅಥವಾ ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು, ಬ್ರ್ಯಾಂಡ್, ಯಾವ ಉತ್ಪನ್ನ ಎಂಬುದು ಬರುತ್ತದೆ. ಸಂಖ್ಯೆ ಇದ್ದ ಮಾತ್ರಕ್ಕೆ ಸುಮ್ಮನಾಗದೆ ಬ್ರ್ಯಾಂಡ್ ತಾಳೆಯಾಗುತ್ತದೆಯೇ ನೋಡಿ. ಬೇರೆ ಯಾರದೋ ಸಂಖ್ಯೆಯನ್ನು ಎತ್ತಿ ಅಂಟಿಸುವುದು ಕಷ್ಟದ ಕೆಲಸವಲ್ಲ. ಇಷ್ಟಾದರೂ ಅದು ಸುರಕ್ಷತೆಯ ಪರೀಕ್ಷೆ, ಕೆಪ್ಯಾಸಿಟಿಯ ಖಾತರಿ ಅಲ್ಲ.

ವಾಪಸು ಕಳಿಸುವಾಗ ಕಾರಣದ ಜಾಗದಲ್ಲಿ ‘ಕೆಟ್ಟಿದೆ’ ಎಂದು ಆರಿಸಬೇಡಿ. ಬದಲಿ ಎಂದು ಅದೇ ರಾಶಿಯ ಇನ್ನೊಂದು ಬರುತ್ತದೆ. ‘ವಿವರಣೆಗೆ ತಕ್ಕಂತಿಲ್ಲ’ ಎಂದು ಆರಿಸಿ ಹಣವನ್ನೇ ಕೇಳಿ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಹೇಳುತ್ತವೆ. ‘ಈ ವಸ್ತುವಿಗೆ ವಾಪಸಾತಿ ಇಲ್ಲ’ ಎಂಬ ಸಾಲು ಪುಟದಲ್ಲಿದ್ದರೆ ಕೊಳ್ಳುವ ಮೊದಲೇ ಕಣ್ಣು ಹಾಯಿಸಿಕೊಳ್ಳುವುದು ಒಳ್ಳೆಯದು, ವಾದ ಮಾಡುವ ತಲೆನೋವು ತಪ್ಪುತ್ತದೆ. ಅಂಕಿ ಕಾಣುವಂತೆ ಪುಟದ ಸ್ಕ್ರೀನ್‌ಶಾಟ್, ತಕ್ಕಡಿಯ ಫೋಟೊ, ಟೆಸ್ಟರ್ ಪರದೆಯ ಫೋಟೊ ಮೂರನ್ನೂ ಇಟ್ಟುಕೊಳ್ಳಿ. ಆರ್ಡರ್ ಆದ ಮೇಲೆ ಪುಟದ ಅಂಕಿ ತಿದ್ದುವವರಿದ್ದಾರೆ, ಆದ್ದರಿಂದ ಸ್ಕ್ರೀನ್‌ಶಾಟ್ ಕೊಂಡ ದಿನದ್ದೇ ಇರಲಿ. ಮಳಿಗೆ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ವಾಪಸು ಹೋಗದೆ ಉಳಿದ ನಕಲಿ ಸೆಲ್ಲನ್ನು ‘ಇರಲಿ, ಟಾರ್ಚಿಗಾದರೂ ಆಗುತ್ತದೆ’ ಎಂದು ಡ್ರಾಯರ್‌ಗೆ ಹಾಕಬೇಡಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಕಸದ ಲಾರಿಯಲ್ಲಿ ಒತ್ತಿ ಅಪ್ಪಚ್ಚಿಯಾದ ಲಿಥಿಯಂ ಸೆಲ್, ಅಸಲಿಯೋ ನಕಲಿಯೋ, ಹೊತ್ತಿಕೊಳ್ಳುವುದು ಒಂದೇ ರೀತಿ.